ಡನ್ಸ್‌ಬಿ ಮತಗಟ್ಟೆಗೆ ಬೀಗ

ಡನ್ಸ್‌ಬಿ, ಓಹಾಯೊ
ನವೆಂಬರ್ 32, 2184

ಅಮೆರಿಕದಲ್ಲಿ ಮೊದಲು ಮತ ಹಾಕಿದ ನನ್ನ ಹಿರಿಯರಿಗೆ,

ತಾರೀಖು ನೋಡಿ ನಗಬೇಡಿ. ಮತದಾನಕ್ಕೊಂದು, ಎಣಿಕೆಗೊಂದು ಎಂದು ನವೆಂಬರಿಗೆ ಎರಡು ರಜಾದಿನ ಸೇರಿಸಿದ್ದಾರೆ. ದಿನ ಹೆಚ್ಚಿತು, ಬರುವವರು ಕಡಿಮೆಯಾದರು. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ನಮ್ಮ ಮನೆಯಲ್ಲಿ ಉಳಿದದ್ದು ಇಷ್ಟೇ.

ನಾನು ತಾರಿಣಿ, ಈ ಊರಿನ ಮತಗಟ್ಟೆಯ ಅಧಿಕಾರಿ. ಇಲ್ಲಿ ಮತದಲ್ಲಿ ಎರಡು ಬಗೆ. ಖುದ್ದಾಗಿ ಬಂದು ಹಾಕಿದ್ದು ಕೈಮತ. ಬಾರದವರ ಹಳೆಯ ಮತಗಳನ್ನು ನೋಡಿ, ಅವರ ಪರವಾಗಿ ಯಂತ್ರವೇ ಹಾಕುವುದು ನೆರಳುಮತ. ಒಮ್ಮೆಯೂ ಮತ ಹಾಕದವರಿಗೆ ಹೆತ್ತವರ ನೆರಳೇ ಗತಿ! ಕಾಯಿಲೆಯವರಿಗೆ ಅನುಕೂಲವಾಗಲೆಂದು ತಂದ ಏರ್ಪಾಡಂತೆ. ಈಗ ಊರಿಗೆ ಊರೇ ಹಾಸಿಗೆ ಹಿಡಿದಂತಿದೆ. ಶಾಲೆಯ ಹಳೆಯ ಊಟದ ಕೋಣೆಯಲ್ಲಿ, ಹೀಟರ್ ಕೆಟ್ಟ ಮೂಲೆಯಲ್ಲಿ, ಎರಡು ಸ್ವೆಟರ್ ಹಾಕಿಕೊಂಡು ದಿನವಿಡೀ ಕೂರುತ್ತೇನೆ. ನಲವತ್ತು ಜನ ಬಂದರೆ ನನಗೆ ಹಬ್ಬ.

ನಿನ್ನೆಯ ಪ್ರಶ್ನೆ ಒಂದೇ: ಮತಗಟ್ಟೆ ಮುಚ್ಚಿ ಎಲ್ಲವನ್ನೂ ನೆರಳಿಗೇ ಬಿಡಬೇಕೇ? ಬೇಡ ಎಂದು ಮನೆಮನೆಗೆ ಅಲೆದು ಹೇಳಿದೆ. ನನ್ನ ಮಗಳು ಇಳಾ ಎಂಟು ವರ್ಷದಿಂದ ಕರೆದರೂ ಒಮ್ಮೆಯೂ ಬಂದವಳಲ್ಲ. ಅವಳ ನೆರಳು ನನ್ನಂತೆಯೇ ಹಾಕುತ್ತಿತ್ತು. ಅದೇ ನನಗೆ ಉರಿ. ನಿನ್ನೆ ಬೆಳಿಗ್ಗೆ ರೇಗಿಬಿಟ್ಟೆ: “ನಿನ್ನ ಮತ ನೀನೇ ಹಾಕೇ ಮಾರಾಯ್ತಿ, ನನ್ನ ವಿರುದ್ಧ ಹಾಕಿದ್ರೂ ಸರಿ!”

ಮುಚ್ಚಲು ಐದು ನಿಮಿಷ ಇರುವಾಗ ಬಂದಳು. ಅಯ್ಯೋ, ನನ್ನ ಕಣ್ಣಲ್ಲಿ ನೀರೇ ಬಂತು. ಒರೆಸಿಕೊಂಡು ಚೀಟಿ ಕೊಟ್ಟೆ.

ಇಂದು ಕೈಮತ, ನೆರಳುಮತ ಎರಡೂ ಸೇರಿಸಿ ಎಣಿಸಿದೆವು. ಮುಚ್ಚಲಿ ಎಂದವು 312, ಬೇಡ ಎಂದವು 311. ಮೂರು ಸಲ ಎಣಿಸಿದರೂ ಅಷ್ಟೇ. ಇಳಾ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದಳು: “ಮುಚ್ಚಲಿ ಅಂತಲೇ ಹಾಕಿದೆ, ಅಮ್ಮಾ. ಈ ಚಳೀಲಿ ನೀನು ಇನ್ನು ಕೂರೋದು ಬೇಡ ಅಂತ.”

ಅವಳು ಮನೆಯಲ್ಲೇ ಕುಳಿತಿದ್ದರೆ ಅವಳ ನೆರಳು ‘ಬೇಡ’ ಎನ್ನುತ್ತಿತ್ತು, ಮತಗಟ್ಟೆ ಉಳಿಯುತ್ತಿತ್ತು. ಕರೆದದ್ದು ತಪ್ಪೇ? ಬೆಳಿಗ್ಗೆಯಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಸಿಟ್ಟು ಬರುತ್ತದೆ. ಮರುಕ್ಷಣ, ಬಂದಳಲ್ಲ ಎಂದು ಎದೆ ಉಬ್ಬುತ್ತದೆ.

ನಿಮ್ಮಲ್ಲಿ ಒಂದೇ ಕೋರಿಕೆ. ಮುಂದೊಂದು ದಿನ ಯಾರಾದರೂ, ನಿಮ್ಮ ಮನಸ್ಸು ನಮಗೆ ಗೊತ್ತು, ನೀವು ಬರುವ ತೊಂದರೆ ತೆಗೆದುಕೊಳ್ಳಬೇಡಿ ಎಂದು ನಯವಾಗಿ ಹೇಳಿದರೆ, ಒಪ್ಪಬೇಡಿ. ಜಗಳಕ್ಕೆ ನಿಲ್ಲಿ. ಇಳಾ ಬೀಗ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. ಮುಂದಿನ ಸಲವೂ ಬಂದು ಹಾಕುತ್ತಾಳಂತೆ. ಎಲ್ಲಿಗೆ ಬರಬೇಕೆಂದು ಕೇಳುತ್ತಿದ್ದಾಳೆ.

ತಾರಿಣಿ