ಈ ಸಲ ನಕ್ಷತ್ರದೊಳಗೆ ದೀಪ ಬೇಡ

ಪ್ರೇಮಾ,

ಅತ್ತೆಯವರನ್ನು ಕರೆತರಲು ಚಿಕ್ಕಬಳ್ಳಾಪುರಕ್ಕೆ ಹೊರಟಿದ್ದೇನೆ. ಸಾಯಂಕಾಲದ ಬಸ್ಸಿಗೆ ಬರುತ್ತೇವೆ. ಸಾರು ಇದೆ, ಮುದ್ದೆ ಮಾತ್ರ ನೀನೇ ಮಾಡಿಕೋ.

ಹಾಸ್ಟೆಲಿನಿಂದ ನೀನು ತಂದ ಬಣ್ಣದ ಕಾಗದ ಬಲು ಚೆನ್ನಾಗಿದೆ. ನಕ್ಷತ್ರ ಅಂಟಿಸಿ ಜಗಲಿಯಲ್ಲೇ ತೂಗುಹಾಕು. ಆದರೆ ಒಳಗೆ ಸೀಮೆಎಣ್ಣೆ ಬುಡ್ಡಿ ಇಡಬೇಡ. ಸಾಂಬ್ರಾಣಿಯೂ ಬೇಡ. ಕರ್ಜಿಕಾಯಿ ಕರಿಯುವುದಾದರೆ ಹಿತ್ತಿಲ ಒಲೆಯಲ್ಲಿ ಕರಿ. ನೀನು ಆತುರಗೇಡಿ, ಅದಕ್ಕೇ ಬರೆದಿಡುತ್ತಿದ್ದೇನೆ.

ಜಗಲಿಯ ಗೋಡೆಯಾಚೆ ಪಕ್ಕದ ಮನೆಯ ಮಂಗಮ್ಮನ ರೇಷ್ಮೆಹುಳುಗಳು ಹಣ್ಣಾಗುತ್ತಿವೆ, ಇನ್ನೇನು ಗೂಡು ಕಟ್ಟುವ ಹೊತ್ತು. ಹೊಗೆ ತಗುಲಿದರೆ ಗೂಡು ಕಟ್ಟದೆ ಸಾಯುತ್ತವೆ. ಅವಳ ಇಡೀ ಬೆಳೆ ಹೋಗುತ್ತದೆ. ಆದರೂ ದೀಪ ಹಚ್ಚಬೇಡಿ ಎಂದು ಅವಳಾಗಿ ಬಾಯಿಬಿಟ್ಟು ಕೇಳುವವಳಲ್ಲ.

ಹೋದ ಕ್ರಿಸ್‌ಮಸ್‌ಗೆ ನಿಮ್ಮಣ್ಣನಿಗೆ ಟೈಫಾಯಿಡ್ ಆಗಿ ನಾವೆಲ್ಲ ಆಸ್ಪತ್ರೆಯಲ್ಲಿದ್ದೆವಲ್ಲ, ನಾನೊಬ್ಬಳು ಬಟ್ಟೆ ತರಲು ಮನೆಗೆ ಬಂದೆ. ನೋಡಿದರೆ ಬಾಗಿಲಿಗೆ ಮಾವಿನ ತೋರಣ, ಅಂಗಳದಲ್ಲಿ ರಂಗೋಲಿಯ ನಕ್ಷತ್ರ! ಜಗಲಿಯಲ್ಲಿ ತೂಗುತ್ತಿದ್ದ ನಮ್ಮ ಹಳೆಯ ಕಾಗದದ ನಕ್ಷತ್ರವನ್ನೇ ನೋಡಿಕೊಂಡು, ಅದರ ಹರಿದ ಮೂಲೆಯನ್ನೂ ಬಿಡದೆ ಹಾಗೇ ಬಿಡಿಸಿದ್ದಳು ಮಂಗಮ್ಮ.

"ಹಬ್ಬದ ದಿನ ಬಾಗ್ಲು ಬಿಕೋ ಅಂತಿರ್ಬಾರ್ದು ಕಣಮ್ಮ. ನಿಮ್ಮ ಹಬ್ಬ ಆದ್ರೇನು, ನಮ್ಮ ಹಬ್ಬ ಆದ್ರೇನು?" ಅಂದಳು. ನಾನು ಅಲ್ಲೇ ಕೂತು ಅತ್ತುಬಿಟ್ಟೆ.

ದೀಪವಿಲ್ಲದ ನಕ್ಷತ್ರ ಕತ್ತಲಲ್ಲಿ ಯಾರಿಗೆ ಕಾಣುತ್ತದೆ ಎಂದು ಮುಖ ಊದಿಸಿಕೊಳ್ಳಬೇಡ.

ಕಾಣಬೇಕಾದವಳಿಗೆ ಕಾಣುತ್ತದೆ.

ನಿನ್ನ ಅತ್ತಿಗೆ