ಹುಬ್ಬಿನ ನಡುವಿನ ಗೆರೆ

ಡಾಕ್ಟರಮ್ಮನವರಿಗೆ ನಮಸ್ಕಾರ.

ಸುಕ್ಕು ಹೋಗಲೆಂದು ನೀವು ಚುಚ್ಚಿದ ಇಂಜೆಕ್ಷನ್ ಚೆನ್ನಾಗಿಯೇ ಹಿಡಿದಿದೆ. ಹಣೆ ಇಸ್ತ್ರಿ ಹಾಕಿದ ಹಾಗಿದೆ. ನಾದಿನಿ ಹೊಟ್ಟೆ ಉರಿದುಕೊಂಡಳು. ನನ್ನ ತಕರಾರು ಅದಲ್ಲ.

ನಮ್ಮ ಯಜಮಾನರಿಗೆ ಕಿವಿ ಕೇಳಿಸುವುದಿಲ್ಲ. ಮದುವೆಯಾದಾಗಿನಿಂದ ನನ್ನ ಸಿಟ್ಟು, ಸಂಕಟ ಎಲ್ಲವನ್ನೂ ಹುಬ್ಬಿನ ನಡುವೆಯೇ ಓದಿಕೊಂಡು ಬಂದವರು. ಮೊನ್ನೆ ಎದೆ ಮುಟ್ಟಿಕೊಂಡು, ಆಪರೇಷನ್ ಆಗಬೇಕಂತೆ ಎಂದು ಕೈಸನ್ನೆಯಲ್ಲಿ ಹೇಳಿದರು. ನನ್ನ ಜೀವ ಧಸಕ್ಕೆಂದಿತು, ಹಣೆ ಅಲುಗಲಿಲ್ಲ. ಬಹಳ ಹೊತ್ತು ನನ್ನ ಮುಖ ನೋಡಿ, ‘ನಿಂಗೇನೂ ಅನ್ನಿಸ್ಲೇ ಇಲ್ಲ’ ಎಂದು ಸನ್ನೆ ಮಾಡಿ ಎದ್ದು ಹೋದರು. ಬರೆದು ತೋರಿಸಿದೆ. ‘ಬರೆಯೋದು ಯಾರು ಬೇಕಾದ್ರೂ ಬರೀತಾರೆ’ ಎಂದು ಕೈ ಕೊಡವಿದರು.

ಸೋಮವಾರ ಆಪರೇಷನ್. ಅಷ್ಟರೊಳಗೆ ಈ ಇಂಜೆಕ್ಷನ್ನಿನ ಬಿಗಿ ಇಳಿಸುವ ಔಷಧಿ ಇದ್ದರೆ ದಯವಿಟ್ಟು ತಿಳಿಸಿ. ಇಡೀ ಹಣೆ ಬೇಡ. ಅವರನ್ನು ಒಳಗೆ ಕರೆದೊಯ್ಯುವಾಗ ಹುಬ್ಬಿನ ನಡುವೆ ಒಂದೇ ಒಂದು ಗೆರೆ ಬಿದ್ದರೆ ಸಾಕು.

ಇಂತಿ,
ನಿಮ್ಮ ಕ್ಲಿನಿಕ್ಕಿನಿಂದ ಹೊರಡುವಾಗ ಮತ್ತೆ ಮತ್ತೆ ಕನ್ನಡಿ ಕೇಳಿದ ಟೈಲರಮ್ಮ