ಉಂಡೈತಿ, ಉಪಾಸ ಐತಿ

ಸಿಂದಗಿ
18 ನವೆಂಬರ್ 2024

ಸಂಜೀವಕುಮಾರ ಅವರಿಗೆ,

ಇಲ್ಲಿ ಕ್ಷೇಮವಿಲ್ಲ, ನಿಮ್ಮ ಕ್ಷೇಮ ಕೇಳುವ ಮನಸ್ಸೂ ಇಲ್ಲ. ವಚನಾಳ ಬಲಗೆನ್ನೆಯ ಸುಟ್ಟ ಚರ್ಮ ಇನ್ನೂ ಸುಲಿಯುತ್ತಿದೆ. ಹುಬ್ಬು ಬೆಳೆದಿಲ್ಲ. ಕಣ್ಣು ಉಳಿಯಿತು ಎಂದು ವಿಜಯಪುರದ ವೈದ್ಯರು ಹೇಳಿದಾಗ ನೀವು ಗೋಡೆಗೆ ಹಣೆ ಇಟ್ಟು ನಿಂತಿರಿ. ನನಗೆ ಕನಿಕರ ಬರಲಿಲ್ಲ.

ನಾವು ಬೇರೆಯಾಗಿ ಆರು ವರ್ಷವಾಯಿತು. ದೀಪಾವಳಿ ರಜೆಗೆ ಮಗಳನ್ನು ಇಂಡಿ ಊರಿನ ನಿಮ್ಮ ತೋಟಕ್ಕೆ ಕಳಿಸಿದ್ದು ತಂದೆಯ ಜೊತೆ ನಾಲ್ಕು ದಿನ ಇರಲಿ, ನಿಂಬೆಗಿಡಗಳ ನೆರಳಿನಲ್ಲಿ ಓದಿಕೊಳ್ಳಲಿ ಎಂದು. ನೀವು ಅವಳ ಕೈಗೆ ನಿಮ್ಮ ಅಜ್ಜನ ಬಂದೂಕು ಕೊಟ್ಟಿರಿ, ನಳಿಗೆಯ ಬಾಯಿಂದ ಮದ್ದು ತುಂಬುವ ಆ ಹಳೆಯದು. ಹದಿನೆಂಟಾತು, ಮನೆತನದ ವಿದ್ಯಾ ಕಲೀಲಿ ಅಂದಿರಂತೆ. ಪುಸ್ತಕ ಹಿಡಕೊಂಡ ಕುಂತ್ರ ನಿಮ್ಮವ್ವನಂಗ ಆಗ್ತಿ ನೋಡು ಎಂದು ನಕ್ಕಿರಂತೆ.

ಒಡ್ಡಿನ ಮೇಲೆ ಎಣ್ಣೆಡಬ್ಬಿ ಇಟ್ಟು ಗುರಿ ಕಲಿಸಿದಿರಿ. ಮದ್ದು ಅಳೆಯುವುದು, ಗಜ ಎಂಬ ಉದ್ದ ಕೋಲಿನಿಂದ ಅದನ್ನು ತಳಕ್ಕೆ ಜಡಿಯುವುದು, ಭುಜಕ್ಕೆ ಒತ್ತಿ ಹಿಡಿಯುವುದು. ಜೊತೆಗೆ ನಿಮ್ಮ ಮನೆಯ ಆ ಮಾತನ್ನೂ ಕಲಿಸಿದಿರಿ: ತುಂಬಿದ ಬಂದೂಕಾದರೆ ‘ಉಂಡೈತಿ’, ಖಾಲಿಯಾದರೆ ‘ಉಪಾಸ ಐತಿ’. ಅದರ ಮುಂದೆ ‘ತುಂಬೈತಿ’ ಅನ್ನಬಾರದು, ಅದಕ್ಕ ಸೊಕ್ಕ ಬರ್ತೈತಿ ಎಂದು ಮಾವನವರು ನನಗೂ ಹೇಳಿದ್ದರು.

ಆ ದಿನ ಮಗಳು ಏಳುವ ಮೊದಲೇ ಬಂದೂಕು ತುಂಬಿ, ಗುಡಿಸಲಿಗೆ ಒರಗಿಸಿ, ಪಂಪಿನ ಮನೆಗೆ ಹೋದಿರಿ. ಹಿಂದಿರುಗುವಷ್ಟರಲ್ಲಿ ನಿಮಗೆ ಮರೆತಿತ್ತು. ಉಂಡೈತೇನೋ ಎಂದು ತೋಟದ ಆಳು ಚಂದಪ್ಪನನ್ನು ಕೇಳಿದಿರಿ. ಅವನ ಕಾಲ ಬಳಿ ನಾಯಿ ಮಲಗಿತ್ತು. ಇಲ್ರಿ, ಮುಂಜಾನಿಂದ ಉಪಾಸ ಐತಿ ಪಾಪ, ಎಂದ. ನೀವು ಮತ್ತೊಮ್ಮೆ ಮದ್ದು ಹಾಕಿ ಮಗಳ ಕೈಗೆ ಕೊಟ್ಟಿರಿ. ಎರಡು ಪಾಲಿನ ಮದ್ದಿಗೆ ನಳಿಗೆ ಸೀಳಿ ಅವಳ ಮುಖಕ್ಕೆ ಬೆಂಕಿ ಕಾರಿತು.

ಇದು ಆಸ್ಪತ್ರೆಯಲ್ಲಿ ನೀವೇ ಹೇಳಿದ್ದು. ಹುಟ್ಟಿದಾಗಿನಿಂದ ಆ ಮಾತು ಆಡಿದವರು, ನಳಿಗೆಯೊಳಗೆ ಗಜ ಇಳಿಸಿ ಮದ್ದಿದೆಯೇ ಎಂದು ನೋಡದೆ, ನಾಯಿಯ ಹೊಟ್ಟೆಯನ್ನು ನಂಬಿದಿರಿ. ನಾನು ಇದನ್ನು ಮರೆವು ಎನ್ನುವುದಿಲ್ಲ. ಸೊಕ್ಕು ಬಂದೂಕಿಗೆ ಬಂದದ್ದಲ್ಲ.

ಇನ್ನು ಅವಳು ಅಲ್ಲಿಗೆ ಬರುವುದಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕಾಯಬೇಡಿ. ನಿಮ್ಮ ತಾಯಿ ಶೇವಂತೆವ್ವನವರಿಂದ ಫೋನು ಮಾಡಿಸಬೇಡಿ, ಎತ್ತುವುದಿಲ್ಲ.

ವಚನಾಳ ತಾಯಿ,
ವಿಜಯಲಕ್ಷ್ಮಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ವಚನಾ ಇದನ್ನು ಓದಿದಳು. ಮಡಿಚಿ ನನ್ನ ಕೈಗೆ ಕೊಟ್ಟಳು. ಆಮೇಲೆ, ಅವ್ವಾ, ಚಂದಪ್ಪಕಾಕಾನ ಕೇಳಿದಾಕಿ ನಾನು, ಮದ್ದು ಹಾಕಿದಾಕಿನೂ ನಾನ, ಅಪ್ಪ ಇನ್ನೂ ಪಂಪಿನ ಮನ್ಯಾಗ ಇದ್ದ ಎಂದಳು. ನಿಮ್ಮವ್ವನ ಮುಂದ ಬಾಯಿ ಬಿಡಬ್ಯಾಡ, ಬೈಗುಳ ನನಗಿರಲಿ ಎಂದು ನೀವು ಹೇಳಿದ್ದಿರಂತೆ. ಮೇಲೆ ಬರೆದದ್ದನ್ನು ಹೊಡೆದುಹಾಕುವುದಿಲ್ಲ. ತುಂಬಿದ ಬಂದೂಕನ್ನು ಹುಡುಗಿಯ ಕೈಗೆಟಕುವಂತೆ ಬಿಟ್ಟು ಹೋದವರು ನೀವೇ. ಗುರುವಾರ ಅವಳ ಕಣ್ಣು ತೋರಿಸಲು ವಿಜಯಪುರಕ್ಕೆ ಹೋಗುತ್ತೇವೆ. ಬನ್ನಿ. ನನ್ನನ್ನು ಮಾತಾಡಿಸಬೇಡಿ, ಅವಳ ಪಕ್ಕದಲ್ಲಿ ಕುಳಿತುಕೊಳ್ಳಿ.